ಗಾಣಗಾಪುರದ ತೂಗುಮಣೆ ಸಮುದ್ರ ದಾಟಿದ್ದು

ಮಗಳನ್ನು ಗಂಡನ ಮನೆಗೆ ಕಳಿಸುವಾಗ ಸಾಮಾನು ಕಟ್ಟುವುದು ನಮಗ್ಯಾರಿಗೂ ಹೊಸದಲ್ಲ. ಪಾತ್ರೆ ಪಡಗ, ಹಾಸಿಗೆ ಹೊದಿಕೆ, ಹಪ್ಪಳ ಸಂಡಿಗೆಯ ಡಬ್ಬಿ, ಶೇಂಗಾ ಚಟ್ನಿಪುಡಿ ಎಲ್ಲ ಕಟ್ಟಿ, ಲಾರಿಗೆ ಹೇರಿ, ಕಣ್ಣೊರೆಸಿಕೊಂಡು ಒಳಗೆ ಬಂದರೆ ಮುಗಿಯಿತು. ಆದರೆ ಮಗಳು ಹೋಗುವುದು ಸಮುದ್ರದಾಚೆಗಾದರೆ? ಆಗ ಕಟ್ಟುವುದಕ್ಕಿಂತ ಬಿಚ್ಚಿ ತೋರಿಸುವ ಕೆಲಸವೇ ಹೆಚ್ಚು!

ಬೆಂಗಳೂರಿನಲ್ಲಿ ಎಂಟು ವರ್ಷ ಸಂಸಾರ ಮಾಡಿಕೊಂಡಿದ್ದ ನಮ್ಮ ಮಗಳು, ಅಳಿಯ 2023ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ಗೆ ಹೋಗಿ ನೆಲೆಸುವುದೆಂದು ನಿಶ್ಚಯವಾಯಿತು. ತಾವು ವಿಮಾನದಲ್ಲಿ ಹೋಗುವುದು, ಮನೆಯ ಸಾಮಾನು ಚೆನ್ನೈ ಬಂದರಿನಿಂದ ಹಡಗಿನಲ್ಲಿ ಬರುವುದು ಎಂದು ಏರ್ಪಾಡಾಯಿತು. ಒಂದು ದಿನ ರಾತ್ರಿ ಮಗಳ ಫೋನು.

“ಅಮ್ಮಾ, ಸೋಫಾ, ಮಂಚ ಎಲ್ಲಾ ಅಲ್ಲೂ ಸಿಗ್ತಾವ. ನನಗ ಗಾಣಗಾಪುರದ ತೂಗುಮಣಿ ಬೇಕು. ಅಜ್ಜಿ ಕೊಡ್ತಾಳೇನು ಕೇಳು.”

ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ. ಗಾಣಗಾಪುರ ನನ್ನ ತವರು. ಆ ತೂಗುಮಣೆಯ ಮೇಲೆ ನಾನು ಆಡಿದ್ದೇನೆ, ನನ್ನ ಮಗಳು ರಜೆಯಲ್ಲಿ ಬಂದು ಆಡಿದ್ದಾಳೆ. ನಮ್ಮಪ್ಪ ಊಟವಾದ ಮೇಲೆ ಅದರ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡವರು. ಕೊನೆಯ ದಿನಗಳಲ್ಲೂ ಅಲ್ಲೇ ಒರಗಿರುತ್ತಿದ್ದರು. ಅಂಥದನ್ನು ಬಿಚ್ಚಿ ಕೊಡು ಎಂದು ಎಂಬತ್ತು ದಾಟಿದ ಅವ್ವನನ್ನು ಹೇಗೆ ಕೇಳುವುದು?

ನಮ್ಮವರು ಮಾತ್ರ ಬೇರೆಯೇ ಯೋಚನೆಯಲ್ಲಿದ್ದರು. “ಕೊಡೋದು ಆಮ್ಯಾಲಿನ ಮಾತು. ಆಸ್ಟ್ರೇಲಿಯಾದವ್ರು ಕಟ್ಟಿಗಿ ಸಾಮಾನು ಒಳಗ ಬಿಡ್ಬೇಕಲ್ಲ?” ಎಂದರು. ಬ್ಯಾಂಕಿನಿಂದ ನಿವೃತ್ತರಾದವರು, ಅರ್ಜಿ, ಫಾರಮ್ಮು ಓದುವುದೆಂದರೆ ಇವರಿಗೆ ಹಬ್ಬ!

ಸಂಗಮದ ಊರಿಗೆ

ಗಾಣಗಾಪುರ ಕಂಡಿಲ್ಲದವರಿಗೆ ಎರಡು ಮಾತು ಹೇಳಬೇಕು. ಕಲಬುರಗಿ ಜಿಲ್ಲೆಯ ಅಫಜಲಪುರ ತಾಲೂಕಿನಲ್ಲಿ, ಭೀಮಾ ಮತ್ತು ಅಮರ್ಜಾ ನದಿಗಳು ಕೂಡುವಲ್ಲಿ ಇದೆ ಈ ದತ್ತ ಕ್ಷೇತ್ರ. ಕಲಬುರಗಿಯಿಂದ ಬಸ್ಸಿನಲ್ಲಿ ಹೊರಟರೆ ಚೌಡಾಪುರದ ಹತ್ತಿರ ಅಫಜಲಪುರದ ರಸ್ತೆ ಬಿಟ್ಟು ತಿರುಗಬೇಕು. ಸೊಲ್ಲಾಪುರ, ಪುಣೆ, ಮುಂಬಯಿ ಕಡೆಯವರು ರೈಲಿನಲ್ಲಿ ಬಂದು ಗಾಣಗಾಪುರ ರೋಡ್ ಸ್ಟೇಷನ್ನಿನಲ್ಲಿ ಇಳಿಯುತ್ತಾರೆ. ಸ್ಟೇಷನ್ನಿಗೆ ಊರಿನ ಹೆಸರಿದ್ದರೂ ಊರು ಅಲ್ಲಿಂದ ಸುಮಾರು 20 ಕಿಲೋಮೀಟರು ದೂರ. ಮೊದಲ ಸಲ ಬಂದವರು ಇಳಿದು ಗಾಬರಿಯಾಗುವುದುಂಟು.

ಹದಿನೈದನೆಯ ಶತಮಾನದಲ್ಲಿ ನರಸಿಂಹ ಸರಸ್ವತಿ ಸ್ವಾಮಿಗಳು ಇಲ್ಲಿ ಬಹುಕಾಲ ಇದ್ದರು. ಮರಾಠಿಯ ‘ಗುರುಚರಿತ್ರೆ’ ಅವರ ಕಥೆಯೇ. ಅದಕ್ಕೇ ಈ ಊರಿನ ಬೀದಿಯಲ್ಲಿ ಕನ್ನಡದಷ್ಟೇ ಮರಾಠಿಯೂ ಕಿವಿಗೆ ಬೀಳುತ್ತದೆ. ಮಠದಲ್ಲಿ ಮೂರ್ತಿಗಿಂತ ಪಾದುಕೆಗೇ ಮಾನ. ಚಿಕ್ಕ ಕಿಂಡಿಯೊಂದರಲ್ಲಿ ಬಗ್ಗಿ ನೋಡಿ ನಿರ್ಗುಣ ಪಾದುಕೆಗಳ ದರ್ಶನ ಮಾಡಬೇಕು. ಮಧ್ಯಾಹ್ನವಾಯಿತೆಂದರೆ ಊರಿನ ನೋಟವೇ ಬೇರೆ. ಬಡವ, ಬಲ್ಲಿದ ಎನ್ನದೆ ಯಾತ್ರಿಕರು ಜೋಳಿಗೆ ಹಿಡಿದು ಐದು ಮನೆಯ ಮುಂದೆ ನಿಂತು ಮಧುಕರಿ ಬೇಡುತ್ತಾರೆ. ದತ್ತ ಮಹಾರಾಜರೇ ಯಾವುದೋ ವೇಷದಲ್ಲಿ ಭಿಕ್ಷೆಗೆ ಬರುತ್ತಾರೆಂದು ನಂಬಿಕೆ. ನಮ್ಮವ್ವ ಇವತ್ತಿಗೂ ಆ ಹೊತ್ತಿಗೆ ಬಾಗಿಲು ಹಾಕುವವಳಲ್ಲ. ಬಂದವರ ಜೋಳಿಗೆಗೆ ರೊಟ್ಟಿ, ಪಲ್ಯ ಬೀಳಲೇಬೇಕು.

ಊರಿನಿಂದ ಸಂಗಮದ ಕಡೆಗೆ ಹೋಗುವಾಗ ಭಸ್ಮದ ಗುಡ್ಡವಿದೆ. ಪೂರ್ವದಲ್ಲಿ ಇಲ್ಲಿ ಯಜ್ಞಗಳಾಗಿ, ಅದರ ಭಸ್ಮವೇ ಗುಡ್ಡವಾಯಿತೆಂದು ಹಿರಿಯರು ಹೇಳುತ್ತಾರೆ. ಬಂದವರೆಲ್ಲ ಒಂದು ಹಿಡಿ ಭಸ್ಮ ಕಟ್ಟಿಕೊಂಡೇ ಹೋಗುವುದು. ಸಂಗಮದಲ್ಲಿ ಔದುಂಬರ ವೃಕ್ಷ, ಅಂದರೆ ನಮ್ಮ ಅತ್ತಿಯ ಮರ. ಅದರ ನೆರಳಿನಲ್ಲಿ ಗುರುಚರಿತ್ರೆಯ ಪಾರಾಯಣಕ್ಕೆ ಕೂತವರು ವರ್ಷವಿಡೀ ಇರುತ್ತಾರೆ.

ಫೆಬ್ರವರಿಯಲ್ಲಿ ಒಂದು ದಿನ ನಾವಿಬ್ಬರೂ ಹೋದೆವು. ಅಣ್ಣ, ವೈನಿ ಹೊರಗಿನ ಕಟ್ಟೆಯ ಮೇಲೇ ಇದ್ದರು. ಅವ್ವ ಪಡಸಾಲೆಯಲ್ಲಿ, ತೂಗುಮಣೆಯ ಮೇಲೇ ಕೂತು ಹೂಬತ್ತಿ ಹೊಸೆಯುತ್ತಿದ್ದಳು. ನಾನು ಏನೇನೋ ಸುತ್ತುಬಳಸಿ ಮಾತು ತೆಗೆದೆ. ಅವ್ವ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ.

“ಒಯ್ಲಿ ಬಿಡು. ನನಗ ಈಗ ಏಳ್ಲಿಕ್ಕೆ ಕೂಡ್ಲಿಕ್ಕೆ ಕುರ್ಚಿನೇ ಛಲೋ. ತೂಗೋರಿದ್ದಲ್ಲಿ ತೂಗುಮಣಿ ಇರಬೇಕು” ಎಂದಳು. ಆಮೇಲೆ ಒಂದು ಕ್ಷಣ ಬಿಟ್ಟು, “ಹಂಗೇ ದೇವರ ಮಂಟಪನೂ ಒಯ್ಯಂತ ಹೇಳು. ಅಷ್ಟು ದೂರದ ದೇಶ. ಮನ್ಯಾಗ ದೇವರಿಗೊಂದು ಜಾಗ ಬ್ಯಾಡೇನು?” ಎಂದಳು.

ವೈನಿ ಅಡಿಗೆಮನೆಯ ಬಾಗಿಲಲ್ಲಿ ನಿಂತವರು ಸೆರಗಿನಿಂದ ಕಣ್ಣೊತ್ತಿಕೊಂಡರು. ನಾನಂತೂ ಹಿತ್ತಲಿಗೆ ಎದ್ದು ಹೋದೆ.

ನೂರು ವರ್ಷದ ಮಂಟಪ

ಆ ಮಂಟಪ ನಮ್ಮ ಮನೆತನದ ಹೆಮ್ಮೆ. ಸಾಗವಾನಿಯದು. ಕಂಬಕ್ಕೆ ಬಳ್ಳಿ, ಮೇಲೆ ಜೋಡಿ ಗಿಳಿ. ಬಂದವರಿಗೆಲ್ಲ ಅವ್ವ “ನೂರಾ ಐವತ್ತು ವರ್ಷದ್ದು” ಎಂದೇ ಹೇಳುತ್ತ ಬಂದವಳು. ನಮ್ಮವರು ಟಾರ್ಚು ಹಾಕಿ ಹಿಂಬದಿಯನ್ನು ನೋಡಿದರು. ಅಲ್ಲಿ ‘ಶಕೆ 1832’ ಎಂದು ಕೆತ್ತಿತ್ತು. ಅಂದರೆ ಇಸವಿ 1910. ಅವ್ವನ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆಯಾದರೂ ನೂರು ದಾಟಿದ್ದು ಖರೆ.

“ಹಂಗಾದ್ರ ಇದು ಹೋಗಂಗಿಲ್ಲ” ಎಂದರು ಇವರು.

ನಮಗ್ಯಾರಿಗೂ ಗೊತ್ತಿರಲಿಲ್ಲ ನೋಡಿ. ನಮ್ಮ ದೇಶದಲ್ಲಿ 1972ರ ಪುರಾತನ ವಸ್ತುಗಳ ಕಾಯಿದೆ ಎಂದೊಂದಿದೆ. ನೂರು ವರ್ಷ ದಾಟಿದ ಕೆತ್ತನೆ, ಮೂರ್ತಿ, ಕುಸುರಿಕೆಲಸದ ಸಾಮಾನು ಪುರಾತನ ವಸ್ತುವೆನಿಸಿಕೊಂಡರೆ, ಅದನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಅದು ನಿಮ್ಮ ಸ್ವಂತ ಅಜ್ಜನದೇ ಆಗಿರಲಿ! ಹಳೆಯ ಕೈಬರಹದ ಪುಸ್ತಕಗಳಿಗಾದರೆ 75 ವರ್ಷವೇ ಸಾಕು. ವಸ್ತು ಅಷ್ಟು ಹಳೆಯದಲ್ಲ, ಆದರೂ ಸಂಶಯ ಬರುವಂತಿದೆ ಎಂದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಗೆ ತೋರಿಸಿ, ‘ಇದು ಪುರಾತನ ವಸ್ತುವಲ್ಲ’ ಎಂಬ ಪ್ರಮಾಣಪತ್ರ ಪಡೆಯಬೇಕು.

ಮಂಟಪ ಹೋಗುವುದಿಲ್ಲ ಎಂದಾಗ ಅವ್ವನಿಗೆ ಬೇಸರವಾದೀತೆಂದು ನಾನು ಅಂಜಿದ್ದೆ. ಅವಳ ಮುಖ ಅರಳಿತು! “ಸರ್ಕಾರದವ್ರೇ ಒಪ್ಯಾರಂದ್ರ ಮತ್ತೇನು? ನೂರು ವರ್ಷದ್ದಂತ ನಾ ಹೇಳಿದ್ರ ನೀವೆಲ್ಲಾ ನಗ್ತಿದ್ರಿ” ಎಂದಳು.

ತೂಗುಮಣೆ ಅಷ್ಟು ಹಳೆಯದಲ್ಲ. ನಮ್ಮಪ್ಪನ ಮದುವೆಯ ಹೊತ್ತಿಗೆ ಮಾಡಿಸಿದ್ದು. ಅಗಲವಾದ ಸಾಗವಾನಿ ಹಲಗೆ, ನಾಲ್ಕು ಹಿತ್ತಾಳೆ ಸರಪಳಿ. ಕಾಯಿದೆಯ ಅಡ್ಡಿ ಇಲ್ಲ. ಆದರೆ ಅದಕ್ಕೊಂದು ಬೇರೆ ಅಡ್ಡಿ ಕಾದಿತ್ತು.

ಕುಟ್ಟೆಯ ಹಿಟ್ಟು

ಸರಪಳಿ ಬಿಚ್ಚಲು ಬಡಿಗೇರ ಅಜ್ಜ ಬಂದರು. ಹಲಗೆ ಇಳಿಸಿ ಬೋರಲು ಹಾಕಿದಾಗ ನೆಲದ ಮೇಲೆ ಅಕ್ಕಿಹಿಟ್ಟಿನಂಥ ನುಣ್ಣನೆಯ ಪುಡಿ ಉದುರಿತು. ಕೆಳಗೆ ಬಡಿದಿದ್ದ ಎರಡು ಅಡ್ಡಪಟ್ಟಿಯಲ್ಲಿ ಸೂಜಿಯಿಂದ ಚುಚ್ಚಿದಂಥ ತೂತುಗಳು!

“ಕುಟ್ಟಿ ಹಿಡದದರೀ ಅಕ್ಕಾರ” ಎಂದರು ಅಜ್ಜ. ಹಲಗೆಯನ್ನು ಬೆರಳಿನಿಂದ ಬಡಿದು ನೋಡಿ ಸಮಾಧಾನವನ್ನೂ ಹೇಳಿದರು. “ಹಲಗಿ ಗಟ್ಟಿ ಅದ. ಸಾಗವಾನಿ ಕೆಚ್ಚು. ಅದಕ್ಕ ಹುಳ ಬಾಯಿ ಹಾಕಂಗಿಲ್ಲ. ಈ ಪಟ್ಟಿ ಹಿಂದಾಗಡೆ ಯಾರೋ ಬಡದದ್ದು, ಬಿಳಿ ಕಟ್ಟಿಗಿ.”

ಮರದ ನಡುವಿನ ಕೆಚ್ಚು ಕಪ್ಪಾಗಿ ಗಟ್ಟಿಯಾಗಿರುತ್ತದೆ. ಅದರ ಸುತ್ತಲಿನ ಬಿಳಿಯ ಭಾಗದಲ್ಲಿ ಹಿಟ್ಟಿನ ಅಂಶ ಹೆಚ್ಚು, ಕುಟ್ಟೆ ಹುಳುವಿಗೆ ಅದೇ ಆಹಾರ. ಹೊರಗೆ ಕಾಣುವ ತೂತು ಹುಳು ಒಳಗೆ ಹೋದದ್ದಲ್ಲ. ಒಳಗೇ ಮೊಟ್ಟೆಯೊಡೆದು ಬೆಳೆದು ಹೊರಬಿದ್ದ ದಾರಿ. ಹೊಸ ಪುಡಿ ಉದುರುತ್ತಿದೆಯೆಂದರೆ ಒಳಗಿನ್ನೂ ಸಂಸಾರವಿದೆ ಎಂದರ್ಥ.

ಅಜ್ಜ ಒಂದು ಉಪಾಯವನ್ನೂ ಹೇಳಿದರು. “ಮೇಣ, ಕಟ್ಟಿಗಿ ಪುಡಿ ಕಲಸಿ ತೂತು ಮುಚ್ಚಿ, ಮ್ಯಾಲ ಪಾಲಿಶ್ ಹೊಡದ್ರ ದೇವರಾಣಿ ಯಾರಿಗೂ ತಿಳಿಯಂಗಿಲ್ಲ.”

ಸುಳ್ಳು ಯಾಕೆ ಹೇಳಲಿ, ನನಗೆ ಆಸೆಯಾಯಿತು. ಅಪ್ಪ ಕೂತ ಮಣೆ ಹೇಗಿದೆಯೋ ಹಾಗೇ ಹೋಗಲಿ ಎನಿಸಿತು. ನಮ್ಮವರು ಫಾರಮ್ಮನ್ನು ಮುಂದೆ ಹಿಡಿದರು. ಒಡೆಯರ ಜೊತೆಗೆ ಬಾರದೆ ಹಿಂದಿನಿಂದ ಬರುವ ಸಾಮಾನಿಗೆ ಆಸ್ಟ್ರೇಲಿಯಾದವರು ಒಂದು ಘೋಷಣೆ ಬರೆಸಿಕೊಳ್ಳುತ್ತಾರೆ. ಮರದ ಸಾಮಾನು ಇದೆಯೇ? ಮಣ್ಣು ಇದೆಯೇ? ಬೀಜ, ಧಾನ್ಯ, ಒಣಗಿದ ಹೂವು, ತೊಗಲಿನ ವಸ್ತು ಇವೆಯೇ? ಒಂದೊಂದಕ್ಕೂ ಹೌದು ಅಥವಾ ಇಲ್ಲ ಎಂದು ಬರೆದು, ಕೆಳಗೆ ಮಗಳು ಸಹಿ ಮಾಡಬೇಕು.

“ಮೇಣ ಹಚ್ಚೋರು ನಾವು, ಸಹಿ ಮಾಡಾಕಿ ಆಕಿ” ಎಂದರು ಇವರು.

ಅಷ್ಟು ಸಾಕಾಯಿತು. ಅಡ್ಡಪಟ್ಟಿಗಳನ್ನು ಕಿತ್ತು, ಹಲಗೆಯನ್ನು ಎರಡೂ ಬದಿ ಉಜ್ಜಿ, ಕೆಚ್ಚಿನ ಸಾಗವಾನಿಯ ಹೊಸ ಪಟ್ಟಿ ಬಡಿಸಿದೆವು. ಕಿತ್ತ ಪಟ್ಟಿಯನ್ನು ವೈನಿ ಅಂದೇ ನೀರೊಲೆಗೆ ಹಾಕಿದರು.

ಅವರಿಗ್ಯಾಕೆ ಇಷ್ಟು ಅಂಜಿಕೆ?

ಸಂಜೆ ಅವ್ವನನ್ನು ಆಟೋದಲ್ಲಿ ಕೂಡಿಸಿಕೊಂಡು ಸಂಗಮಕ್ಕೆ ಹೊರಟೆವು. ಅವಳಿಗೆ ಈ ತಪಾಸಣೆ ಸರಿ ಕಂಡಿರಲಿಲ್ಲ. “ನಮ್ಮ ಮನಿ ಸಾಮಾನಂದ್ರ ಅವರಿಗೇನು ಮೈಲಿಗೆನು?” ಎಂದು ಗೊಣಗಿದಳು. ರಸ್ತೆಯ ಎರಡೂ ಬದಿ ಬಿಳಿ ಹೂವಿನ ಕಾಂಗ್ರೆಸ್ ಹುಲ್ಲು ಮೊಳಕಾಲೆತ್ತರ ನಿಂತಿತ್ತು. ಮುಟ್ಟಿದರೆ ತುರಿಕೆ, ದನ ಬಾಯಿ ಹಾಕುವುದಿಲ್ಲ, ಕಿತ್ತಷ್ಟೂ ಬೆಳೆಯುತ್ತದೆ.

“ಅವ್ವಾ, ನೀ ಸಣ್ಣಾಕಿದ್ದಾಗ ಈ ಹುಲ್ಲು ಇತ್ತೇನು?” ಎಂದು ಕೇಳಿದೆ.

ಅವ್ವ ನೆನಪು ಮಾಡಿಕೊಂಡಳು. “ಇಲ್ಲವಾ. ನೀ ಹುಟ್ಟೂ ಮುಂದ ಸುದ್ದಾ ಕಂಡಿದ್ದಿಲ್ಲ. ಆಮ್ಯಾಲ ಬಂತು.”

ಈ ಹುಲ್ಲು ನಮ್ಮ ದೇಶದ್ದಲ್ಲ, ಅಮೆರಿಕ ಖಂಡದ್ದು. 1950ರ ದಶಕದ ನಡುವೆ ಪುಣೆಯಲ್ಲಿ ಮೊದಲು ಕಣ್ಣಿಗೆ ಬಿತ್ತು. ಹಡಗಿನಲ್ಲಿ ತರಿಸಿದ ಗೋಧಿಯ ಜೊತೆ ಅದರ ಬೀಜ ಬಂದಿರಬೇಕೆಂದು ಹೇಳುತ್ತಾರೆ. ಯಾರೂ ಬೇಕೆಂದು ತಂದದ್ದಲ್ಲ. ಅಂದು ಯಾರಾದರೂ ಜರಡಿ ಹಿಡಿದು ನೋಡಿದ್ದರೆ, ಇವತ್ತು ನಮ್ಮ ಹೊಲದ ಬದುವಿನ ಮೇಲೆ ಅದು ಇರುತ್ತಿರಲಿಲ್ಲ.

ಆಸ್ಟ್ರೇಲಿಯಾದವರು ಇಂಥ ಪೆಟ್ಟು ಬಹಳ ತಿಂದಿದ್ದಾರೆ. ಮಗಳು ಹೋಗುವ ವಿಕ್ಟೋರಿಯಾ ಪ್ರಾಂತ್ಯದಲ್ಲೇ 1859ರಲ್ಲಿ ಸಿರಿವಂತರೊಬ್ಬರು ಬೇಟೆಯ ಮೋಜಿಗೆಂದು ಸುಮಾರು ಎರಡು ಡಜನ್ ಮೊಲ ಬಿಟ್ಟರಂತೆ. ಅವು ಕೋಟಿಗಟ್ಟಲೆಯಾಗಿ ಹೊಲ, ಹುಲ್ಲುಗಾವಲು ಎಲ್ಲ ಬೋಳಿಸಿಬಿಟ್ಟವು. ಕಡೆಗೆ ಪಶ್ಚಿಮದ ಪ್ರಾಂತ್ಯದವರು 1901ರಿಂದ 1907ರವರೆಗೆ ಸಾವಿರಾರು ಕಿಲೋಮೀಟರು ಬೇಲಿ ಹಾಕಿಕೊಂಡರೂ ಮೊಲ ನಿಲ್ಲಲಿಲ್ಲ. ಸುತ್ತ ಸಮುದ್ರವಿರುವ ಆ ದೇಶದಲ್ಲಿ ಇಲ್ಲದ ಹುಳು, ಹುಪ್ಪಟೆ, ರೋಗ ಎಷ್ಟೋ ಇವೆ. ಹೊರಗಿನಿಂದ ಬರುವುದನ್ನು ಹೊಸ್ತಿಲಲ್ಲೇ ತಡೆಯಬೇಕೆಂದು 1908ರಲ್ಲೇ ಕ್ವಾರಂಟೈನ್ ಕಾಯಿದೆ ಮಾಡಿಕೊಂಡರು. ಅದರ ಜಾಗದಲ್ಲಿ ಈಗಿರುವುದು 2015ರ ಜೈವಿಕ ಸುರಕ್ಷತೆಯ ಕಾಯಿದೆ.

ಕ್ವಾರಂಟೈನ್ ಎಂಬ ಮಾತು ನಮ್ಮ ಕಲಬುರಗಿಯವರಿಗೆ ಹೇಳಿಕೊಡಬೇಕಾಗಿಲ್ಲ. 2020ರ ಮಾರ್ಚಿನಲ್ಲಿ ದೇಶದ ಮೊದಲ ಕೊರೋನಾ ಸಾವು ದಾಖಲಾದದ್ದು ನಮ್ಮ ಜಿಲ್ಲೆಯವರದೇ. ಆಗ ಮನೆಯ ಬಾಗಿಲಿಗೆ ಚೀಟಿ ಅಂಟಿಸಿದ್ದನ್ನು ಮರೆತವರಾರು? ಹಿಂದೆ ವೆನಿಸ್ ಊರಿನವರು ಪ್ಲೇಗಿನ ಭಯಕ್ಕೆ ಹಡಗುಗಳನ್ನು ನಲವತ್ತು ದಿನ ಹೊರಗೇ ನಿಲ್ಲಿಸುತ್ತಿದ್ದರು. ಅವರ ಭಾಷೆಯ ‘ನಲವತ್ತು’ ಎಂಬುದರಿಂದಲೇ ಈ ಹೆಸರು. ಇದನ್ನು ಹೇಳಿದಾಗ ಅವ್ವ ನಕ್ಕಳು. “ನಲವತ್ತು ದಿನ ಬಾಣಂತಿನ್ನ ಹೊರಗ ಬಿಡದಂಗ ನಾವೂ ಇಡ್ತಿದ್ವಿ. ಕೂಸಿಗೆ ಹೊರಗಿನ ಗಾಳಿ ಸೋಕಬಾರದಂತ. ಇದೂ ಹಂಗೇ ಅನ್ನು.”

ಮೊರ, ಲಟ್ಟಣಿಗೆ, ಚಪ್ಪಲಿ

ಮಾರ್ಚಿನಲ್ಲಿ ಹಲಗೆ, ಸರಪಳಿ ಹೊತ್ತುಕೊಂಡು ನಾವು ಬೆಂಗಳೂರಿಗೆ ಹೋದೆವು. ಮಗಳ ಮನೆ ಖಾಲಿ ಮಾಡುವಾಗ ನಾನು ಕಲಿತದ್ದನ್ನು ನಿಮಗೂ ಹೇಳುತ್ತೇನೆ. ಇವತ್ತು ನಮ್ಮ ಚಿಕ್ಕಚಿಕ್ಕ ಊರುಗಳಿಂದಲೂ ಮಕ್ಕಳು ಹೊರದೇಶಕ್ಕೆ ಹೋಗುತ್ತಿದ್ದಾರೆ; ಯಾರಿಗಾದರೂ ಉಪಯೋಗವಾದೀತು.

ಎಲ್ಲ ದೇಶದವರೂ ಇಷ್ಟು ಬಿಗಿಯಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಬಲು ಬಿಗಿ. ಮರದ ಸಾಮಾನು ಒಯ್ಯಬಾರದೆಂದೇನಿಲ್ಲ. ತೊಗಟೆ ಇರಬಾರದು, ಜೀವಂತ ಹುಳು ಇರಬಾರದು, ತೂತು, ಪುಡಿ ಕಾಣಬಾರದು. ಕಂಡರೆ ಅಲ್ಲಿ ಮೂರೇ ದಾರಿ: ಔಷಧದ ಹೊಗೆ ಹಾಕಿಸುವುದು, ವಾಪಸು ಕಳಿಸುವುದು, ಇಲ್ಲವೇ ನಾಶ ಮಾಡಿಸುವುದು. ಮೂರಕ್ಕೂ ಖರ್ಚು ನಮ್ಮದೇ.

ಆದ್ದರಿಂದ ತೂಗುಮಣೆಗೂ, ಮಗಳ ಊಟದ ಮೇಜಿಗೂ ಇಲ್ಲೇ ಹೊಗೆ ಹಾಕಿಸಿದೆವು. ಇದಕ್ಕೆ ಬಳಸುವುದು ಮಿಥೈಲ್ ಬ್ರೋಮೈಡ್ ಎಂಬ ಅನಿಲ. ಬಣ್ಣವಿಲ್ಲ, ವಾಸನೆಯೂ ಇಲ್ಲವೆನ್ನುವಷ್ಟು ಕಡಿಮೆ, ಆದರೆ ಘೋರ ವಿಷ. ಕೇಂದ್ರ ಸರ್ಕಾರದ ಸಸ್ಯ ಸಂರಕ್ಷಣಾ ನಿರ್ದೇಶನಾಲಯದ ಮಾನ್ಯತೆ ಪಡೆದವರೇ ಮಾಡಬೇಕು. ಅವರೇ ಪ್ರಮಾಣಪತ್ರ ಕೊಡುತ್ತಾರೆ. ಒಂದು ಮಾತು ನೆನಪಿಡಿ: ಹೊಗೆ ಹಾಕುವ ಮೊದಲು ಸಾಮಾನನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿಸಬೇಡಿ, ಅನಿಲ ಒಳಗೇ ಹೋಗುವುದಿಲ್ಲ. ಸುತ್ತೂ ಬಳಿದ ದಪ್ಪ ಬಣ್ಣ, ವಾರ್ನಿಶ್ಶೂ ಅಷ್ಟೇ. ಬಡಿಗೇರ ಅಜ್ಜ ಪಾಲಿಶ್ ಹೊಡೆಯದೇ ಬಿಟ್ಟದ್ದು ಎಷ್ಟು ಒಳ್ಳೆಯದಾಯಿತು!

ಸಾಮಾನು ತುಂಬುವ ಮರದ ಪೆಟ್ಟಿಗೆಗೂ ನಿಯಮವಿದೆ. ಅದರ ಕಟ್ಟಿಗೆಯನ್ನು ಒಳತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ 30 ನಿಮಿಷ ಕಾಯಿಸಿರಬೇಕು, ಇಲ್ಲವೇ ಹೊಗೆ ಹಾಕಿರಬೇಕು. ಹಾಗೆ ಮಾಡಿದ್ದಕ್ಕೆ ಗೋಧಿ ತೆನೆಯ ಚಿತ್ರದ ಮುದ್ರೆ ಒತ್ತುತ್ತಾರೆ. ಮುದ್ರೆ ಇಲ್ಲದ ಪೆಟ್ಟಿಗೆ ಬೇಡವೆನ್ನಿ. ಹುಲ್ಲು ತುರುಕಿ ಕಟ್ಟುವುದು, ಹಣ್ಣು, ಮೊಟ್ಟೆ ಬಂದ ಹಳೆಯ ರಟ್ಟಿನ ಡಬ್ಬ ಬಳಸುವುದು ಎರಡೂ ಕೂಡದು. ಬೀಟೆ ಮರದ ಸಾಮಾನಿದ್ದರೆ ಮೊದಲೇ ವಿಚಾರಿಸಿ. 2017ರಿಂದ ಆ ಜಾತಿಯ ಮರಕ್ಕೆಲ್ಲ ಹೊರದೇಶಕ್ಕೆ ಹೋಗುವಾಗ ಬೇರೆ ಕಾಗದ ಕೇಳುತ್ತಾರೆ.

ಇನ್ನು ನಮ್ಮ ಅಡಿಗೆಮನೆ. ಬಿದಿರಿನ ಮೊರ, ಕಡ್ಡಿ ಕಸಬರಿಗೆಯನ್ನು ಇಲ್ಲೇ ಬಿಟ್ಟೆವು. ಲಟ್ಟಣಿಗೆ, ಮಣೆ, ಶ್ಯಾವಿಗೆ ಒತ್ತುವ ಒರಳು ಎಲ್ಲವನ್ನೂ ಬಿಸಿನೀರಿನಲ್ಲಿ ತಿಕ್ಕಿ ಎರಡು ದಿನ ಬಿಸಿಲಿಗಿಟ್ಟೆವು. ಸಂದಿಯಲ್ಲಿ ಚಿಟಿಕೆ ಹಿಟ್ಟು ಉಳಿದರೂ ಹುಳುವಿಗೆ ಅದೇ ಛತ್ರ. ಚಪ್ಪಲಿ, ಬೂಟು, ಸೈಕಲ್ಲಿನ ಗಾಲಿ, ಕುಂಡದ ಸಲಿಕೆ ಇವುಗಳ ಮಣ್ಣನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತೆಗೆದದ್ದು ನನ್ನ ಪಾಲಿನ ಕೆಲಸ.

ಕಾಳುಕಡಿಯ ಮಾತಂತೂ ಕೇಳಲೇಬೇಡಿ. ತೊಗರಿಯ ನಾಡಿನವಳು ನಾನು. 2019ರಲ್ಲಿ ನಮ್ಮ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂತು. ಹತ್ತು ಕಿಲೋ ಕಟ್ಟಿಕೊಂಡು ಹೋಗಿದ್ದೆ. ಅಳಿಯಂದಿರು ನಯವಾಗಿ ಬೇಡವೆಂದರು. ಖಾಪ್ರಾ ದುಂಬಿ ಎಂಬ ಹುಳುವಿದೆ. ನಮ್ಮ ಕಡೆಯ ಕಣಜಗಳದೇ ಸಂತಾನ. ಎರಡು ಮೂರು ಮಿಲಿಮೀಟರು ಉದ್ದ. ಅದರ ಮರಿ ಆಹಾರವಿಲ್ಲದೆ ವರ್ಷಗಟ್ಟಲೆ ಸಂದಿಯಲ್ಲಿ ಸುಮ್ಮನೆ ಬಿದ್ದಿರಬಲ್ಲದು. 2020ರಲ್ಲಿ ಆಸ್ಟ್ರೇಲಿಯಾದವರು ತರಿಸಿದ ಫ್ರಿಜ್ಜಿನ ಕಟ್ಟಿನೊಳಗೇ ಇದು ಕಾಣಿಸಿಕೊಂಡಿತಂತೆ! ಅದೇ ವರ್ಷದಿಂದ ಮನೆಸಾಮಾನಿನ ಜೊತೆ ಅಕ್ಕಿ, ಕಡಲೆ, ಶೇಂಗಾ, ಬೇಳೆಕಾಳು, ಜೀರಿಗೆ, ಕೊತ್ತಂಬರಿ ಬೀಜ, ಒಣ ಮೆಣಸಿನಕಾಯಿ ಯಾವುದೂ ಹಡಗಿನಲ್ಲಿ ಬರಕೂಡದೆಂದು ನಿಷೇಧಿಸಿದರು. ನನ್ನ ಬೇಳೆ ಬೆಂಗಳೂರಿನ ಬೀಗರ ಮನೆ ಸೇರಿತು.

ತಾವು ಒಂದು ವರ್ಷಕ್ಕಿಂತ ಹೆಚ್ಚು ಬಳಸಿದ ಮನೆಸಾಮಾನಿಗೆ ಅಲ್ಲಿ ಸುಂಕವಿಲ್ಲ. ತೂಗುಮಣೆ ಮಗಳು ಬಳಸಿದ್ದಲ್ಲ, ಅಜ್ಜಿ ಕೊಟ್ಟದ್ದು. ಅಳಿಯಂದಿರು ಅದನ್ನು ಪ್ರತ್ಯೇಕ ಸಾಲಿನಲ್ಲಿ ‘ಅಜ್ಜಿಯ ಉಡುಗೊರೆ’ ಎಂದೇ ಬರೆದರು. ಎಲ್ಲ ಪ್ರಶ್ನೆಗಳಿಗೂ ಉತ್ತರ ಬರೆದು ಮಗಳು ಸಹಿ ಹಾಕಿದಳು. ‘ಮಣ್ಣು ಇದೆಯೇ?’ ಎಂಬಲ್ಲಿ ‘ಇಲ್ಲ’.

ನಾನು ಸುಮ್ಮನಿದ್ದೆ

ಇಲ್ಲಿ ನಾನೊಂದು ತಪ್ಪು ಒಪ್ಪಿಕೊಳ್ಳಬೇಕು.

ಗಾಣಗಾಪುರದಿಂದ ಹೊರಡುವ ದಿನ ಅವ್ವ ಸರಪಳಿಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಒಂದು ಹೊಸ ಅರಿವೆಯ ಚೀಲದಲ್ಲಿ ಹಾಕಿದ್ದಳು. ಹಾಕುವಾಗ ಹಳದಿ ಬಟ್ಟೆಯಲ್ಲಿ ಕಟ್ಟಿದ ಹುಣಸೆಬೀಜದಷ್ಟು ದೊಡ್ಡ ಗಂಟೊಂದನ್ನು ಕೊಂಡಿಗೆ ಸಿಕ್ಕಿಸಿದಳು. ಭಸ್ಮದ ಗುಡ್ಡದ ಭಸ್ಮ. ನಾನು ನೋಡಿದೆ. ಅವಳೂ ನಾನು ನೋಡಿದ್ದನ್ನು ನೋಡಿದಳು. ಇಬ್ಬರೂ ಮಾತಾಡಲಿಲ್ಲ. ಮಣೆ ಕೊಟ್ಟವಳಿಗೆ, ಮಂಟಪ ಉಳಿದದ್ದಕ್ಕೂ ಬೇಸರಪಡದವಳಿಗೆ, ಇಷ್ಟೇ ಇಷ್ಟು ಭಸ್ಮ ಬೇಡವೆನ್ನಲು ನನಗೆ ನಾಲಿಗೆ ಏಳಲಿಲ್ಲ. ಬೆಂಗಳೂರಿನಲ್ಲಿ ಮಗಳು ಆ ‘ಇಲ್ಲ’ ಬರೆಯುವಾಗಲೂ ನಾನು ಬದಿಯಲ್ಲೇ ಕೂತಿದ್ದೆ. ಆಗಲೂ ಸುಮ್ಮನಿದ್ದೆ.

ಸಾಮಾನು ಮೆಲ್ಬರ್ನ್ ಮುಟ್ಟಲು ಎರಡು ತಿಂಗಳು ಹಿಡಿಯಿತು. ಮತ್ತೆ ಒಂದು ವಾರದ ಮೇಲೆ ಮಗಳ ಫೋನು ಬಂತು. ತೂಗುಮಣೆಯ ಹಲಗೆ ಪಾಸಾಗಿತ್ತು. ಮೇಜು, ಕುರ್ಚಿ, ಲಟ್ಟಣಿಗೆ ಎಲ್ಲವೂ ಸರಿ. ಆದರೆ ಸರಪಳಿಯ ಚೀಲದಲ್ಲಿ ಗಂಟು ಸಿಕ್ಕಿತ್ತು. ನಮಗೆ ಅದು ಭಸ್ಮ. ತಪಾಸಣೆ ಮಾಡುವವರಿಗೆ ಗುಡ್ಡದಿಂದ ಅಗೆದ ಮಣ್ಣು. ಚಿಟಿಕೆ ಮಣ್ಣಿನಲ್ಲೂ ಕಣ್ಣಿಗೆ ಕಾಣದ ಜೀವ, ಬೆಳೆಯ ರೋಗ ಇರಬಹುದೆಂದು ಮಣ್ಣನ್ನು ಅವರು ಪರವಾನಿಗೆಯಿಲ್ಲದೆ ಬಿಡುವುದಿಲ್ಲ. ಅದನ್ನು ನಾಶಕ್ಕೆ ತೆಗೆದಿಟ್ಟು, ಉಳಿದ ಪೆಟ್ಟಿಗೆಗಳನ್ನೂ ಒಂದೊಂದಾಗಿ ಬಿಚ್ಚಿಸಿದರು. ಹೆಚ್ಚಿನ ತಪಾಸಣೆಯ ಖರ್ಚು ಮಗಳ ತಲೆಗೆ ಬಿತ್ತು. ಎಚ್ಚರಿಕೆಯ ಮಾತೂ ಹೇಳಿದರು.

“ರೊಕ್ಕದ ಮಾತು ಬಿಡಮ್ಮ” ಎಂದಳು ಮಗಳು. “ಮಣ್ಣಿಲ್ಲ ಅಂತ ನಾ ಸಹಿ ಮಾಡಿದ್ದೆ. ಬಂದ ಹೊಸತಾಗೇ ಇವರೆದುರು ನಾ ಸುಳ್ಳುಗಾರ್ತಿ ಆದೆ. ಒಂದು ಮಾತು ಹೇಳಿದ್ರ ನಾನೇ ಬಿಚ್ಚಿ ತೆಗೀತಿದ್ದೆ.”

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕುಟ್ಟೆಗೆ ಮೇಣ ಹಚ್ಚಲಿಲ್ಲವೆಂದು ಬೀಗುತ್ತಿದ್ದವಳು ನಾನು. ಮೌನವೂ ಒಂದು ಮೇಣವೇ ಎಂದು ಆಗ ತಿಳಿಯಿತು.

ಅವ್ವನ ಮಾತು

ಈ ಸುದ್ದಿಯನ್ನು ಅವ್ವನಿಗೆ ಫೋನಿನಲ್ಲಿ ಹೇಳಬಾರದೆಂದು ನಾನೇ ಗಾಣಗಾಪುರಕ್ಕೆ ಹೋದೆ. ಮಧುಕರಿಯ ಹೊತ್ತು. ಅವ್ವ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಪಡಸಾಲೆಯ ತೊಲೆಯಲ್ಲಿ ನಾಲ್ಕು ಕೊಂಡಿಗಳು ಬರಿದಾಗಿ ನೇತಾಡುತ್ತಿದ್ದವು. ಇದ್ದದ್ದನ್ನು ಇದ್ದಂತೆ ಹೇಳಿದೆ.

ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಜೋಳಿಗೆ ಹಿಡಿದು ಬಂದ ಯಾತ್ರಿಕರಿಗೆ ರೊಟ್ಟಿ ಹಾಕಿ ಕಳಿಸಿ, ಆಮೇಲೆ ಅಂದಳು: “ಮಂದಿ ಮನಿ ಹೊಸ್ತಿಲ ದಾಟೂ ಮುಂದ ಕಾಲು ತೊಳಕೋ ಅಂತ ನಿಮಗೆಲ್ಲಾ ಕಲಿಸಿದಾಕಿ ನಾನೇ. ನಾನೇ ಮರತೆ ನೋಡು.” ಮತ್ತೆ ಸ್ವಲ್ಪ ತಡೆದು, “ಆ ಹುಡುಗಿಗೆ ಎಷ್ಟು ಖರ್ಚು ಬಂತು ಕೇಳು. ನನ್ನ ಪೆನ್ಶನ್‌ನ್ಯಾಗ ಕೊಡ್ತೀನಿ” ಎಂದಳು. ಮಗಳು ತೆಗೆದುಕೊಳ್ಳಲಿಲ್ಲವೆನ್ನಿ.

ಈಗ ತೂಗುಮಣೆ ಮೆಲ್ಬರ್ನ್‌ನ ಮನೆಯಲ್ಲಿದೆ. ಅಲ್ಲಿಯ ಮನೆಯ ಮಾಳಿಗೆಗೆ ಭಾರ ತಡೆಯುವ ತೊಲೆಯಿಲ್ಲವೆಂದು ಕಬ್ಬಿಣದ ಚೌಕಟ್ಟು ಮಾಡಿಸಿ ತೂಗುಹಾಕಿದ್ದಾರೆ. ಭಾನುವಾರ ಮೊಮ್ಮಗ ಅದರ ಮೇಲೆ ಕೂತು ಫೋನಿನಲ್ಲಿ ಮುತ್ತಜ್ಜಿಗೆ ಮುಖ ತೋರಿಸುತ್ತಾನೆ. ಸರಪಳಿ ಕಿರ್ ಕಿರ್ ಎನ್ನುತ್ತದೆ. ಅವ್ವನಿಗೆ ಕಣ್ಣು ಮಂದ, ಕಿವಿ ಚುರುಕು. “ಬಲಗಡೆ ಕೊಂಡಿಗೆ ಎಣ್ಣಿ ಹಾಕಂತ ಹೇಳು” ಎನ್ನುತ್ತಾಳೆ.

ಹೋದ ದತ್ತ ಜಯಂತಿಗೆ ಮಗಳು ಬಂದಿದ್ದಳು. ಹೊರಡುವ ದಿನ ಅವ್ವ ದೇವರ ಮಂಟಪದಿಂದ ಭಸ್ಮದ ಬಟ್ಟಲು ತಂದಳು. ನನ್ನ ಎದೆ ಧಸಕ್ಕೆಂದಿತು! ಅವ್ವ ಗಂಟು ಕಟ್ಟಲಿಲ್ಲ. ಬೆರಳದ್ದಿ ಮೊಮ್ಮಗಳ ಹಣೆಗೆ ಹಚ್ಚಿದಳು, ಮರಿಮಗನ ಹಣೆಗೂ ಹಚ್ಚಿದಳು. ಉಳಿದ ಬಟ್ಟಲನ್ನು ಒಯ್ದು ಮಂಟಪದಲ್ಲೇ ಇಟ್ಟಳು.

ನೀವೂ ಗಾಣಗಾಪುರಕ್ಕೆ ಬಂದರೆ ಭಸ್ಮ ಒಯ್ಯಿರಿ, ನಿಮ್ಮ ಮನೆಯಲ್ಲಿಟ್ಟುಕೊಳ್ಳಿ. ದೂರ ಹೋಗುವ ಮಕ್ಕಳಿಗೆ ಹಣೆಗೆ ಹಚ್ಚಿ ಕಳಿಸಿ.